ವಿಶ್ವನಾಥನಿಗೆ ಎಳ್ಳು–ಬೆಲ್ಲದ ನಿವೇದನೆ

ವಿಶ್ವನಾಥಾ, ನಿನ್ನ ಗಲ್ಲಿಯಲ್ಲಿ ಸಾಲು ಕದಲದೆ ನಿಂತಿದೆ. ಮುಂದೆ ಅಮ್ಮ, ಅವಳ ಬೆನ್ನಿಗೆ ನಾನು. ಮೊಬೈಲು, ಚೀಲ, ಚಪ್ಪಲಿ ಎಲ್ಲವನ್ನೂ ಹೂವಿನಂಗಡಿಯವನ ಮರದ ಗೂಡಿನಲ್ಲಿಟ್ಟು, ಬೀಗದ ಕೈಯನ್ನು ಸೆರಗಿಗೆ ಗಂಟು ಹಾಕಿಕೊಂಡಿದ್ದೇನೆ. ಕೈಯಲ್ಲಿ ಹೂವು, ಬಿಲ್ವಪತ್ರೆ, ಒಂದು ದೊನ್ನೆ ಪೇಡ. ಒಳಗೆ ನಿನ್ನ ಮುಂದೆ ನಿಲ್ಲಲು ಸಿಗುವುದು ಒಂದೆರಡು ಕ್ಷಣ, ಅಷ್ಟರಲ್ಲಿ ಹೇಳಿ ಮುಗಿಯುವ ಮಾತಲ್ಲ ನನ್ನದು. ಅದಕ್ಕೇ ಈ ಬಳೆಯಂಗಡಿ, ಬಿಂದಿಯಂಗಡಿ, ಕುಂಕುಮದ ರಾಶಿ, ಅರಗು ಬಳಿದ ಮರದ ಆಟಿಕೆಗಳ ನಡುವೆ ನಿಂತಲ್ಲಿಂದಲೇ ಹೇಳಿಬಿಡುತ್ತೇನೆ.

ಇದು ಎರಡು ಮೊಲಗಳ ವಿಷಯ.

ಈ ಸಾಲಿನಲ್ಲಿ ಎಂತೆಂಥ ದುಃಖ ಹೊತ್ತವರಿದ್ದಾರೋ ನೀನು ಬಲ್ಲೆ. ನಾವೂ ಬೆಳಿಗ್ಗೆ ಅಪ್ಪನ ಅಸ್ಥಿಯನ್ನು ಗಂಗೆಗೆ ಒಪ್ಪಿಸಿ ಬಂದವರೇ. ಆದರೆ ಅಪ್ಪನ ವಿಷಯದಲ್ಲಿ ನಿನ್ನಲ್ಲಿ ಬೇಡುವುದು ಏನೂ ಉಳಿದಿಲ್ಲ. ತುಂಬು ಬಾಳು ಬಾಳಿ, ಮಕ್ಕಳು ಮೊಮ್ಮಕ್ಕಳ ಕೈಯಿಂದ ನೀರು ಕುಡಿದು ಹೋದರು. ಎದೆಯಲ್ಲಿ ಇನ್ನೂ ಕೂತಿರುವುದು ಆ ಎರಡು ಸಣ್ಣ ಜೀವಗಳು. ಸಣ್ಣವು ಎಂದು ನೀನು ತಳ್ಳಿಹಾಕುವವನಲ್ಲ ಎಂಬ ಧೈರ್ಯದ ಮೇಲೆ ಹೇಳುತ್ತಿದ್ದೇನೆ.

ನಮ್ಮ ಕಡೆಯವರು ಕಾಶಿಗೆ ಹೊರಟರೆ ಎಲ್ಲರೂ ಕೇಳುವ ಪ್ರಶ್ನೆ ಒಂದಿದೆ: ಏನು ಬಿಟ್ಟು ಬರ್ತೀರಿ? ವಿಧಿ ನಡೆಯುವುದು ಗಯೆಯಲ್ಲಿ, ಅಕ್ಷಯವಟದ ಬುಡದಲ್ಲಿ. ನಮ್ಮ ಬಾಯಲ್ಲಿ ಮಾತ್ರ ಅದು ಕಾಶಿಯಲ್ಲಿ ಬಿಟ್ಟದ್ದೇ. ಒಂದು ಹಣ್ಣು, ಒಂದು ತರಕಾರಿ, ಅದೂ ತನಗೆ ತುಂಬ ಇಷ್ಟವಾದದ್ದು. ನನ್ನಜ್ಜಿ ಸೀತಾಫಲ ಬಿಟ್ಟಿದ್ದಳು. ಆಮೇಲೆ ಬದುಕಿದ್ದಷ್ಟು ಕಾಲವೂ ಹಿತ್ತಲ ಗಿಡದ ಕಾಯನ್ನು ತಾನೇ ಕಿತ್ತು, ಅಕ್ಕಿಯ ಡಬ್ಬದಲ್ಲಿ ಹುಗಿದು ಹಣ್ಣು ಮಾಡಿ, ಬೀಜ ಬಿಡಿಸಿ ನಮ್ಮ ಬಾಯಿಗಿಡುತ್ತಿದ್ದಳು. ಅಂಟಿದ ಬೆರಳನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದಳೇ ಹೊರತು ನಾಲಿಗೆಗೆ ತಾಗಿಸುತ್ತಿರಲಿಲ್ಲ.

ಬೆಂಗಳೂರಿನಿಂದ ಬಂದ ಕಾಶಿ ದರ್ಶನದ ರೈಲಿನಲ್ಲೂ ಅದೇ ಮಾತು ಎದ್ದಿತ್ತು. ಎದುರು ಸೀಟಿನ ಹಿರಿಯರೊಬ್ಬರಿಗೆ ಅಮ್ಮ ಮೊಲಗಳ ಕತೆ ಹೇಳಿದ್ದಳು. ಅವರು ನನ್ನನ್ನು ಸಮಾಧಾನಪಡಿಸಲೆಂದೇ ಅಂದರು: “ಅದನ್ನೇ ಕಾಶೀಲಿ ಬಿಟ್ಟೆ ಅಂದ್ಕೊಳ್ಳಿ ತಾಯಿ. ಅದಕ್ಕಿಂತ ದೊಡ್ಡ ತ್ಯಾಗ ಇನ್ನೇನಿದೆ?”

ಒಳ್ಳೆಯ ಮನಸ್ಸಿನಿಂದ ಬಂದ ಮಾತು. ಆದರೂ ನಾನದನ್ನು ಒಪ್ಪಲಾರೆ, ವಿಶ್ವನಾಥಾ. ನೀನೂ ಒಪ್ಪಬೇಡ. ಅಜ್ಜಿ ಬಿಟ್ಟ ಸೀತಾಫಲಕ್ಕೆ ಹಸಿವಿರಲಿಲ್ಲ. ಅದು ರಾತ್ರಿ ಎದ್ದು ಅಜ್ಜಿಯನ್ನು ಹುಡುಕಲಿಲ್ಲ. ಹಣ್ಣು ಬಿಟ್ಟರೆ ಅದು ಬಿಟ್ಟವರ ಪುಣ್ಯದ ಲೆಕ್ಕಕ್ಕೆ ಬಂದೀತು. ಮೊಲವನ್ನು ಇನ್ನೊಬ್ಬರ ಕೈಗೆ ಕೊಟ್ಟರೆ ನೋಡಬೇಕಾದದ್ದು ನನ್ನ ಪುಣ್ಯವನ್ನಲ್ಲ, ಮೊಲದ ಮುಂದಿನ ಊಟವನ್ನು, ನೆರಳನ್ನು, ಜೊತೆಯನ್ನು. ನಾನು ಮಾಡಿದ್ದಕ್ಕೆ ತ್ಯಾಗದ ಹೆಸರು ನನಗೆ ಬೇಡ.

ಅವು ಬಂದದ್ದು ಸಂಕ್ರಾಂತಿಯ ದಿನ. ಎಳ್ಳು ಬೀರಲು ಬಂದ ನನ್ನ ಸಹೋದ್ಯೋಗಿ ಒಂದು ಬುಟ್ಟಿಯಲ್ಲಿ ಸಕ್ಕರೆ ಅಚ್ಚು, ಇನ್ನೊಂದು ಬುಟ್ಟಿಯಲ್ಲಿ ತಮ್ಮ ಮನೆಯ ಮೊಲದ ಎರಡು ಮರಿ ತಂದಿದ್ದರು. ಬೂದು ಮೈಯ ಮೇಲೆ ಕಪ್ಪು ಚುಕ್ಕೆ ಎರಚಿದಂತಿದ್ದ ಹೆಣ್ಣಿಗೆ ಮಗಳು ಎಳ್ಳು ಎಂದು ಹೆಸರಿಟ್ಟಳು, ಕೆಂಗಂದು ಬಣ್ಣದ ಗಂಡಿಗೆ ಬೆಲ್ಲ. ಬೆಲ್ಲನಿಗೆ ಪ್ರಾಯ ಬರುವ ಹೊತ್ತಿಗೆ ಪಶುವೈದ್ಯರ ಹತ್ತಿರ ಒಯ್ದು ಶಸ್ತ್ರಚಿಕಿತ್ಸೆ ಮಾಡಿಸಿದೆವು. ಮೊಲ ಗಬ್ಬವಿರುವುದು ಸುಮಾರು 31 ದಿನ, ಮರಿ ಹಾಕಿದ ದಿನವೇ ಮತ್ತೆ ಗಬ್ಬ ಕಟ್ಟಬಲ್ಲದು. ಎರಡು ಮೊಲ ಸಾಕುತ್ತೇವೆ ಎಂದು ಹೊರಟ ಎಷ್ಟೋ ಮನೆಗಳಲ್ಲಿ ವರ್ಷ ತುಂಬುವುದರೊಳಗೆ ಇಪ್ಪತ್ತಾಗಿ, ದಿಕ್ಕು ತೋಚದೆ ಸಿಕ್ಕಸಿಕ್ಕವರಿಗೆ ಹಂಚುತ್ತಾರೆ.

ಮೊಲ ಬೊಗಳುವುದಿಲ್ಲ, ಅಂಬಾ ಎನ್ನುವುದಿಲ್ಲ. ಅದರ ಮಾತೆಲ್ಲ ಮೈಯಲ್ಲಿ. ಕುಕ್ಕರ್ ಕೂಗಿದರೆ ಎಳ್ಳು ಹಿಂಗಾಲಿನಿಂದ ನೆಲಕ್ಕೆ ಧಪ್ ಎಂದು ಬಡಿದು ಬೆಲ್ಲನಿಗೆ ಎಚ್ಚರಿಕೆ ಕೊಡುತ್ತಿದ್ದಳು. ಬೆಲ್ಲ ಗದ್ದವನ್ನು ಕುರ್ಚಿಯ ಕಾಲಿಗೆ, ಬಾಗಿಲ ಮೂಲೆಗೆ, ನನ್ನ ಪಾದಕ್ಕೆ ಉಜ್ಜಿ ಇದು ನನ್ನದು ಎಂದು ಗುರುತು ಹಾಕುತ್ತಿದ್ದ. ಖುಷಿಯಾದರೆ ನಿಂತಲ್ಲೇ ಮೇಲಕ್ಕೆ ನೆಗೆದು ಗಾಳಿಯಲ್ಲಿ ಸೊಂಟ ತಿರುವಿ ಬೀಳುವುದು. ಹಣೆಯನ್ನು ಬೆರಳಿನಿಂದ ಮೆಲ್ಲಗೆ ತೀಡಿದರೆ ಕಣ್ಣು ಅರೆಮುಚ್ಚಿ ಹಲ್ಲು ಕಟಕಟಿಸುವುದು, ಹತ್ತಿರ ಕಿವಿಯಿಟ್ಟರೆ ಮಾತ್ರ ಕೇಳುವಷ್ಟು ಸಣ್ಣಗೆ. ಮಧ್ಯಾಹ್ನದ ಹೊತ್ತು ಬೆಲ್ಲ ಎಳ್ಳುವಿನ ಕಿವಿ ನೆಕ್ಕುತ್ತ ಕೂತುಬಿಟ್ಟರೆ ಗಂಟೆಗಟ್ಟಲೆ ಅದೇ ಕೆಲಸ. ಇಂಥ ಜೋಡಿಯಲ್ಲಿ ಒಂದನ್ನು ಬೇರೆ ಮಾಡಿದರೆ ಉಳಿದದ್ದು ಮೂಲೆ ಹಿಡಿಯುತ್ತದೆ, ಮೇವು ಬಿಡುತ್ತದೆ.

ಅಪ್ಪ ಹೋದ ಮೇಲೆ ಅಮ್ಮ ಊರಿನ ಮನೆಯಲ್ಲಿ ಒಬ್ಬಳೇ ಇರುವ ಹಾಗಿರಲಿಲ್ಲ. ಕರೆತಂದೆವು. ಅವಳಿಗೆ ಉಬ್ಬಸ ಹಳೆಯದು. ನಮ್ಮ ಮನೆಯಲ್ಲಿ ಅದು ಹೆಚ್ಚಿತು. ಒಣಹುಲ್ಲಿನ ದೂಳು, ಕೂದಲು ಉದುರುವ ಕಾಲದಲ್ಲಿ ಫ್ಯಾನಿನ ಗಾಳಿಗೆ ಹಾರುವ ಮೊಲದ ತುಪ್ಪಳ. ಒಂದು ರಾತ್ರಿ ಉಸಿರು ಸಿಗದೆ ಆಸ್ಪತ್ರೆಗೆ ಓಡಬೇಕಾಯಿತು. ಮನೆಯಲ್ಲಿ ಹುಲ್ಲೂ ತುಪ್ಪಳವೂ ಇರುವಷ್ಟು ದಿನ ಔಷಧ ಪೂರ್ತಿ ಕೆಲಸ ಮಾಡುವುದಿಲ್ಲ ಎಂದರು ವೈದ್ಯರು. ಮೊಲಗಳನ್ನು ಬಾಲ್ಕನಿಗೆ ಹಾಕೋಣವೆಂದರೆ ಅದು ಪಡುವಣದ ಬಾಲ್ಕನಿ. ಮೊಲಕ್ಕೆ ನಮ್ಮ ಹಾಗೆ ಬೆವರಿ ಮೈ ತಂಪು ಮಾಡಿಕೊಳ್ಳಲಾಗದು. ಹೆಚ್ಚಾಗಿ ಕಿವಿಯಿಂದಲೇ ಬಿಸಿ ಹೊರಗೆ ಹೋಗಬೇಕು. 30 ಡಿಗ್ರಿ ದಾಟಿದರೆ ಒದ್ದಾಡುತ್ತದೆ. ಬೆಂಗಳೂರಿನ ಏಪ್ರಿಲ್ ಈಗ 35 ದಾಟುತ್ತದೆ. ಎರಡು ಕೋಣೆಯ ಮನೆಯಲ್ಲಿ ಇನ್ನು ಜಾಗವೆಲ್ಲಿ? ಕೂತು, ಅತ್ತು, ತೀರ್ಮಾನಿಸಿದೆವು.

ತೀರ್ಮಾನ ಒಂದು ಸಂಜೆಯ ಕೆಲಸ. ಕೈ ಹುಡುಕುವುದು ಹಾಗಲ್ಲ, ತಿಂಗಳುಗಳೇ ಹಿಡಿದವು. ಅಷ್ಟು ಕಾಲವೂ ಅಮ್ಮ ಅಕ್ಕನ ಮನೆಯಲ್ಲಿದ್ದಳು.

“ಮೊಲ ಅಲ್ವಾ, ಯಾವುದಾದ್ರೂ ಪಾರ್ಕಿಗೆ ಬಿಟ್ಟುಬಿಡಿ, ಹುಲ್ಲು ತಿಂದ್ಕೊಂಡು ಇರುತ್ತೆ” ಎಂದವರು ಅನೇಕರು. ದೇವಸ್ಥಾನದ ತೋಟಕ್ಕೆ ಬಿಡಿ, ದೇವರು ನೋಡ್ಕೋತಾನೆ ಎಂದವರೂ ಇದ್ದರು. ಹಾಗೆ ಹೇಳುವವರ ಮನಸ್ಸಿನಲ್ಲಿ ಇರುವುದು ನಮ್ಮ ಹೊಲದ ಬದುವಿನ ಕಾಡುಮೊಲ. ಅದರ ಕುಲವೇ ಬೇರೆ. ಕಾಡುಮೊಲದ ಮರಿ ಬಯಲಲ್ಲಿ ಹುಟ್ಟುವಾಗಲೇ ಕಣ್ಣು ತೆರೆದಿರುತ್ತದೆ, ಮೈತುಂಬ ತುಪ್ಪಳವಿರುತ್ತದೆ, ಬೇಗನೆ ಓಡಬಲ್ಲದು. ಮನೆಯ ಮೊಲ ಯುರೋಪಿನ ಬಿಲದ ಮೊಲದ ಸಂತತಿ. ಕಣ್ಣು ಮುಚ್ಚಿ, ಬರಿಮೈಯಲ್ಲಿ ಹುಟ್ಟುತ್ತದೆ. ತಲೆಮಾರುಗಟ್ಟಲೆ ನಾವೇ ಆರಿಸಿ ಆರಿಸಿ ಅದರ ಬಣ್ಣ ಬದಲಿಸಿದ್ದೇವೆ, ಹೆದರಿಕೆಯನ್ನು ಮಂಕು ಮಾಡಿದ್ದೇವೆ. ಬೀದಿನಾಯಿ ಎಂದರೆ ಏನು, ಹದ್ದಿನ ನೆರಳು ಎಂದರೆ ಏನು ಎಂದು ಬೆಲ್ಲನಿಗೆ ಯಾರು ಹೇಳಿಕೊಟ್ಟಿದ್ದರು? ಪಾರ್ಕಿನಲ್ಲಿ ಅವನು ಒಂದು ರಾತ್ರಿ ಕಳೆದರೆ ಹೆಚ್ಚು. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 11ನೇ ಸೆಕ್ಷನ್, ಹಸಿವು ನೀರಡಿಕೆಯಿಂದ ನರಳುವ ಹಾಗೆ ಪ್ರಾಣಿಯನ್ನು ಕಾರಣವಿಲ್ಲದೆ ಬಿಟ್ಟುಹೋಗುವುದನ್ನು ಅಪರಾಧವೆನ್ನುತ್ತದೆ. ಕಾಯಿದೆ ಇರದಿದ್ದರೂ ಅದು ಅಪರಾಧವೇ. ದೇವರ ತೋಟಕ್ಕೆ ಬಿಡುವುದೆಂದರೆ ನಮ್ಮ ಕೆಲಸವನ್ನು ನಿನ್ನ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವುದು. ಸ್ವಾಮಿ, ನಿನ್ನ ಹೆಸರಿನಲ್ಲಿ ಹಾಗೆ ಮಾಡುವವರ ಕೈ ಹಿಡಿದು ನಿಲ್ಲಿಸು.

ಬಿಟ್ಟ ಮೊಲ ಬದುಕಿಕೊಂಡ ಕಡೆ ಆದದ್ದು ಇನ್ನೊಂದು ಅನಾಹುತ. 1859ರಲ್ಲಿ ಆಸ್ಟ್ರೇಲಿಯಾದ ಒಬ್ಬ ಜಮೀನುದಾರ ಬೇಟೆಗೆಂದು ಇಂಗ್ಲೆಂಡಿನಿಂದ ತರಿಸಿದ್ದು ಎರಡು ಡಜನ್ನಿನಷ್ಟು ಮೊಲ. ಆ ಖಂಡದ ಹುಲ್ಲುಗಾವಲನ್ನೇ ಅವುಗಳ ಸಂತತಿ ಬೋಳಿಸಿತು. ಕೊನೆಗೆ ಅವುಗಳನ್ನು ಕೊಲ್ಲಲು ರೋಗ ಬಿತ್ತಿದರು. ಇಂದಿಗೂ ಕ್ವೀನ್ಸ್‌ಲ್ಯಾಂಡ್ ರಾಜ್ಯದಲ್ಲಿ ಮನೆಯಲ್ಲಿ ಮೊಲ ಸಾಕುವ ಹಾಗಿಲ್ಲ. ಬೆಂಗಳೂರಿನಿಂದ ಬ್ರಿಸ್ಬೇನ್‌ಗೆ ಕೆಲಸ ಸಿಕ್ಕ ಕನ್ನಡದ ಕುಟುಂಬ ಎಷ್ಟೇ ದುಡ್ಡು ಸುರಿದರೂ ತನ್ನ ಮೊಲವನ್ನು ಜೊತೆಗೆ ಒಯ್ಯಲಾರದು. ಮನುಷ್ಯರು ಎಲ್ಲೋ ಯಾವಾಗಲೋ ಯೋಚನೆಯಿಲ್ಲದೆ ಮಾಡಿದ್ದಕ್ಕೆ ತೆರುವವರು ಇನ್ನೆಲ್ಲೋ ಇರುತ್ತಾರೆ. ಅಂಥ ಕುಟುಂಬಗಳಿಗೂ ಒಳ್ಳೆಯ ಕೈ ಸಿಗಲಿ.

ಮೊಲ ಕೇಳಿಕೊಂಡು ನಮಗೆ ಬಂದ ಕರೆಗಳ ಬಗ್ಗೆ ಹೇಳಬೇಕು. ಒಬ್ಬರು ಮೊದಲು ಕೇಳಿದ್ದೇ “ಎಷ್ಟು ಕೆಜಿ ಬರುತ್ತೆ?” ಎಂದು. ಫೋನ್ ಇಟ್ಟ ಮೇಲೂ ನನ್ನ ಕೈ ನಡುಗುತ್ತಿತ್ತು. ಇನ್ನೊಬ್ಬರಿಗೆ ಬೆಲ್ಲ ಮಾತ್ರ ಬೇಕು, ಬಣ್ಣ ಚೆನ್ನಾಗಿದೆಯಂತೆ. ಮತ್ತೊಬ್ಬ ತಾಯಿಗೆ ಭಾನುವಾರ ಮಗನ ಹುಟ್ಟುಹಬ್ಬ, ಶನಿವಾರದೊಳಗೆ ಕೊಟ್ಟರೆ ಸಾಕು. ಆಮೇಲೆ ಎಷ್ಟು ವರ್ಷ ಸಾಕಬೇಕಾಗುತ್ತದೆ ಗೊತ್ತೇ ಎಂದು ಕೇಳಿದೆ. ಒಂದೆರಡು ವರ್ಷ ಇರಬಹುದೇನೋ ಎಂದರು. ಚೆನ್ನಾಗಿ ನೋಡಿಕೊಂಡರೆ ಮೊಲ ಎಂಟು, ಹತ್ತು, ಹನ್ನೆರಡು ವರ್ಷ ಬದುಕುತ್ತದೆ. ಪೇಟೆಯಲ್ಲಿ ಮರಿ ಮಾರುವವರು ಈ ಮಾತು ಹೇಳುವುದಿಲ್ಲ, ಕೊಳ್ಳುವವರು ಕೇಳುವುದಿಲ್ಲ. ಆ ತಾಯಿಯನ್ನು ನಾನು ಬೈಯಲಾರೆ. ಅವರಿಗೆ ಯಾರೂ ಹೇಳಿರಲಿಲ್ಲ, ಅಷ್ಟೆ. ನಾನು ಹೇಳಿದೆ. ಅವರು ಮಗನಿಗೆ ಸೈಕಲ್ ಕೊಡಿಸಿದರಂತೆ.

ಬೆಂಗಳೂರಿನಲ್ಲಿ 1991ರಿಂದ ಇರುವ ಕ್ಯೂಪಾದಂಥ ಪ್ರಾಣಿದಯಾ ಸಂಸ್ಥೆಗಳಿವೆ. ಅಂಥ ಕಡೆಯ ಜಾಗ ಗಾಡಿಯಡಿ ಸಿಕ್ಕಿದವಕ್ಕೆ, ಕಾಲು ಮುರಿದವಕ್ಕೆ, ಯಾರೂ ಇಲ್ಲದವಕ್ಕೆ ಬೇಕು. ಎಳ್ಳು ಬೆಲ್ಲರಿಗೆ ನಾವಿದ್ದೆವು. ಹುಡುಕುವ ಕೆಲಸ ನಮ್ಮದೇ ಎಂದುಕೊಂಡೆವು. ಯಾರೂ ಸಿಗದೆ, ದಾರಿಯೇ ಕಾಣದೆ ಅಲ್ಲಿಗೆ ಒಯ್ದು, ಕಣ್ಣಲ್ಲಿ ಕಣ್ಣಿಟ್ಟು ಸತ್ಯ ಹೇಳಿ ಒಪ್ಪಿಸುವವರನ್ನು ಮಾತ್ರ ಯಾರೂ ಹೀಯಾಳಿಸದಿರಲಿ. ಬೈಗುಳಕ್ಕೆ ಹೆದರಿದವರೇ ಅಲ್ಲವೇ ರಾತ್ರಿ ಗೇಟಿನ ಹೊರಗೆ ರಟ್ಟಿನ ಪೆಟ್ಟಿಗೆ ಇಟ್ಟು ಓಡುವುದು?

ಕೊನೆಗೆ ಮೈಸೂರಿನಿಂದ ಒಂದು ಕರೆ ಬಂತು. ನಿವೃತ್ತ ಮೇಷ್ಟ್ರು, ಅವರ ಹೆಂಡತಿಯೂ ಟೀಚರಾಗಿದ್ದವರು. ಅವರು ಸಾಕಿದ ಮೊಲ ಮುಪ್ಪಾಗಿ ತೀರಿಕೊಂಡು ವರ್ಷವಾಗಿತ್ತು. ಆ ಟೀಚರಮ್ಮ ಬಣ್ಣ ಕೇಳಲಿಲ್ಲ, ತೂಕ ಕೇಳಲಿಲ್ಲ. “ಹಲ್ಲು ಯಾವಾಗ ತೋರಿಸಿದ್ರಿ?” ಎಂದು ಕೇಳಿದರು. ನಾನು ಅಲ್ಲೇ ಕುಸಿದು ಕೂತೆ. ಮೊಲದ ಹಲ್ಲು ಸಾಯುವವರೆಗೂ ಬೆಳೆಯುತ್ತಲೇ ಇರುತ್ತದೆ, ದಿನವಿಡೀ ಹುಲ್ಲು ಅಗಿದು ಸವೆಯದಿದ್ದರೆ ಕೆನ್ನೆಗೆ, ನಾಲಿಗೆಗೆ ಚುಚ್ಚುತ್ತದೆ, ನೋವಿಗೆ ಅದು ತಿನ್ನುವುದನ್ನೇ ಬಿಡುತ್ತದೆ. ಇದು ಗೊತ್ತಿದ್ದವರ ಬಾಯಿಂದ ಮಾತ್ರ ಬರುವ ಪ್ರಶ್ನೆ. ಎರಡನೆಯ ಮಾತು: “ಎರಡೂ ಒಟ್ಟಿಗೆ ಮಲಗ್ತವಾ? ಹಾಗಿದ್ರೆ ಎರಡನ್ನೂ ಕೊಡಿ. ಒಂದನ್ನೇ ಅಂದ್ರೆ ನಮಗೆ ಬೇಡ.”

ಹೋಗಿ ಮನೆ ನೋಡಿ ಬಂದೆವು. ಕಿಟಕಿಗೆ ಜಾಲರಿ, ಗೋಡೆಗುಂಟ ಹೋಗುವ ವಯರಿಗೆಲ್ಲ ಕೊಳವೆ, ಕಾಲಿಗೆ ತಂಪಾದ ಕೆಂಪು ನೆಲ, ಹಿತ್ತಲಲ್ಲಿ ಮಾವಿನ ಮರದ ನೆರಳು. ಮಗಳು ಒಂದು ನೋಟ್‌ಬುಕ್ ಬರೆದಳು. ಕಿವಿ ಹಿಡಿದು ಎತ್ತಬಾರದು. ಎತ್ತುವಾಗ ಹಿಂಭಾಗಕ್ಕೆ ಕೈ ಕೊಡದಿದ್ದರೆ ಒದ್ದುಕೊಂಡು ಬೆನ್ನುಮೂಳೆ ಮುರಿದುಕೊಳ್ಳಬಹುದು. ರಾತ್ರಿ ಮೆತ್ತನೆಯ ಹಿಕ್ಕೆ ಹಾಕಿ ತಾವೇ ಮತ್ತೆ ತಿನ್ನುತ್ತವೆ, ಅದು ಕಾಯಿಲೆಯಲ್ಲ, ಅವು ಪೌಷ್ಟಿಕಾಂಶ ಪಡೆಯುವ ರೀತಿ. ಬೆಲ್ಲನಿಗೆ ಕೊತ್ತಂಬರಿ ಇಷ್ಟ, ಎಳ್ಳುವಿಗೆ ಗರಿಕೆ. ಕ್ಯಾರೆಟ್ ಕೇಳಿದಷ್ಟು ಕೊಡಬೇಡಿ, ಸಿಹಿ. ಕೊನೆಯ ಪುಟದಲ್ಲಿ ಅವಳು ಬರೆದದ್ದನ್ನು ನಾನು ಓದಲಿಲ್ಲ. ಅದು ಟೀಚರಮ್ಮನಿಗೆ ಬರೆದದ್ದು ಎಂದಳು.

ಎರಡನ್ನೂ ಒಂದೇ ಬುಟ್ಟಿಯಲ್ಲಿ, ಒಗೆಯದ ನನ್ನ ಹಳೆಯ ಸೀರೆಯ ಮೇಲೆ ಕೂರಿಸಿ ಒಯ್ದೆವು. ಹೊಸ ಜಾಗದಲ್ಲಿ ಮೂಗಿಗೆ ಹಳೆಯದು ಏನಾದರೂ ಇರಲಿ ಎಂದು. ಅಂದು ರಾತ್ರಿ ಅವು ತಿನ್ನಲಿಲ್ಲ. ಅರ್ಧ ದಿನ ಹೊಟ್ಟೆಗೆ ಏನೂ ಹೋಗದಿದ್ದರೆ ಮೊಲದ ಕರುಳು ನಿಲ್ಲತೊಡಗುತ್ತದೆ, ಆಮೇಲೆ ಉಳಿಸುವುದು ಕಷ್ಟ. ಟೀಚರಮ್ಮ ಹಿತ್ತಲಿನ ಗರಿಕೆ ಕಿತ್ತು ತಂದು, ನೆಲದ ಮೇಲೆ ಮಲಗಿ, ಅಂಗೈ ಚಾಚಿಕೊಂಡೇ ಇದ್ದರಂತೆ. ಬೆಳಗಿನ ಜಾವ ಫೋನ್ ಬಂತು. “ಎಳ್ಳು ತಿಂದ್ಲು. ಅವಳನ್ನ ನೋಡಿ ಅವನೂ ತಿಂತಿದಾನೆ. ನೀವು ಮಲಗಿ.”

ಮಹಾದೇವಾ, ಆ ಅಂಗೈಯನ್ನು ಕಾಪಾಡು. ಈ ಗಲ್ಲಿಯಲ್ಲಿ ನಿನ್ನ ಬಾಗಿಲಿಗೆ ಮುನ್ನ ಕೂತ ಢುಂಢಿರಾಜ ಗಣಪನಿಗೆ ಏರಿಸಲು ನಾನೀಗ ಗರಿಕೆಯನ್ನೂ ಕೊಂಡಿದ್ದೇನೆ. ಅವನಿಗೆ ಕೈ ಮುಗಿಯುವಾಗ ನನ್ನ ಮನಸ್ಸಿನಲ್ಲಿ ಆ ಟೀಚರಮ್ಮ ಇರುತ್ತಾರೆ. ತಪ್ಪೆಂದು ಎಣಿಸಬೇಡ.

ನಿನ್ನೆ ಸಾರನಾಥಕ್ಕೆ ಹೋಗಿದ್ದೆವು. ಅಲ್ಲಿ ಬುದ್ಧನ ಜಾತಕ ಕತೆಗಳು ನೆನಪಾದವು. ಅವುಗಳಲ್ಲಿ ಮೊಲದ ಕತೆಯೊಂದಿದೆ, ಬ್ರಹ್ಮದತ್ತ ವಾರಾಣಸಿಯನ್ನು ಆಳುತ್ತಿದ್ದಾಗ ಎಂದೇ ಅದು ಶುರುವಾಗುವುದು. ನಾಲ್ಕು ಗೆಳೆಯರು: ಕೋತಿ, ನರಿ, ನೀರುನಾಯಿ, ಮೊಲ. ಉಪೋಸಥವೆಂಬ ವ್ರತದ ದಿನ ಅತಿಥಿಗೆ ಕೊಡಲು ಮೂವರಿಗೂ ಏನಾದರೊಂದು ಸಿಕ್ಕಿತು. ಮೊಲದ ಹತ್ತಿರ ಇದ್ದದ್ದು ಹುಲ್ಲು, ಅದನ್ನು ಅತಿಥಿ ತಿನ್ನಲಾರ. ಬ್ರಾಹ್ಮಣನ ವೇಷದಲ್ಲಿ ಬಂದ ಇಂದ್ರನಿಗೆ ತನ್ನ ಮೈಯನ್ನೇ ಕೊಡಲು ಮೊಲ ಬೆಂಕಿಗೆ ಹಾರಿತು. ಬೆಂಕಿ ಸುಡಲಿಲ್ಲ, ಇಂದ್ರ ಬೆಟ್ಟ ಹಿಂಡಿದ ರಸದಿಂದ ಚಂದ್ರನ ಮೇಲೆ ಮೊಲದ ಚಿತ್ರ ಬರೆದ. ಚಿಕ್ಕಂದಿನಿಂದ ಕೇಳಿದ ಕತೆ ಇಷ್ಟು. ಆದರೆ ಕತೆಯ ನಡುವೆ ಒಂದು ಸಣ್ಣ ಸಂಗತಿಯಿದೆ, ಹೇಳುವವರು ಅದನ್ನು ಬಿಟ್ಟುಬಿಡುತ್ತಾರೆ. ಹಾರುವ ಮುಂಚೆ ಮೊಲ ಮೂರು ಸಲ ಮೈ ಕೊಡವಿತು. ತನ್ನ ತುಪ್ಪಳದಲ್ಲಿ ಮನೆ ಮಾಡಿಕೊಂಡ ಹುಳುಗಳೇನಾದರೂ ಇದ್ದರೆ ತನ್ನೊಂದಿಗೆ ಅವು ಸಾಯಬಾರದು ಎಂದು.

ಬೆಂಕಿಗೆ ಹಾರಿದ್ದಕ್ಕಿಂತ ಆ ಕೊಡವಿದ್ದು ನನಗೆ ದೊಡ್ಡದಾಗಿ ಕಾಣುತ್ತದೆ. ಪ್ರಾಣವನ್ನೇ ಕೊಡಲು ಹೊರಟವನಿಗೂ ತನ್ನನ್ನು ನಂಬಿದವರನ್ನು ಮೊದಲು ಸುರಕ್ಷಿತ ಜಾಗಕ್ಕೆ ಮುಟ್ಟಿಸುವ ಕೆಲಸ ತಪ್ಪಲಿಲ್ಲ. ಹುಳುಗಳಿಗೆ ಮೊಲ ಅಷ್ಟು ಮಾಡಿದ್ದರೆ ಮೊಲಕ್ಕೆ ನಾವು ಅಷ್ಟಾದರೂ ಮಾಡಬೇಡವೇ? ಆ ಮೊಲ ಕೂತ ಚಂದ್ರನನ್ನು ನೀನು ಜಟೆಯಲ್ಲಿ ಧರಿಸಿದ್ದೀಯೆ. ಹಾಗಾದರೆ ಅದಕ್ಕೆ ಕೊನೆಗೆ ಮನೆ ಸಿಕ್ಕದ್ದು ನಿನ್ನ ತಲೆಯ ಮೇಲೆ. ನಿನ್ನ ಹತ್ತಿರ ಇದನ್ನೆಲ್ಲ ಹೇಳಲು ನನಗೆ ಸಂಕೋಚವಾಗದಿರುವುದು ಅದಕ್ಕೇ.

ಇನ್ನೂ ಒಂದು ಕಾರಣವಿದೆ. ನೀನೂ ಒಮ್ಮೆ ಮನೆ ಬಿಟ್ಟವನು. ಬರಗಾಲದಲ್ಲಿ ಲೋಕ ನಿಲ್ಲಬೇಕಾದರೆ ದಿವೋದಾಸ ರಾಜನಾಗಬೇಕಿತ್ತು, ದೇವತೆಗಳು ಕಾಶಿ ಬಿಟ್ಟು ಹೋದರೆ ಮಾತ್ರ ತಾನು ಆಳುವುದೆಂದು ಅವನು ಷರತ್ತು ಹಾಕಿದ. ಬ್ರಹ್ಮ ಕೊಟ್ಟ ಮಾತಿಗಾಗಿ ನೀನು ಮಂದರ ಪರ್ವತಕ್ಕೆ ನಡೆದೆ. ತಪ್ಪು ನಿನ್ನದೂ ಅಲ್ಲ, ದಿವೋದಾಸನದೂ ಅಲ್ಲ, ಅವನು ಧರ್ಮದಿಂದಲೇ ಆಳಿದವನು. ಮಂದರದಲ್ಲಿ ಕೂತು ನೀನು ಈ ಊರಿಗಾಗಿ ಬೆಂದುಹೋದೆ ಎಂದು ಕಾಶೀಖಂಡ ಹೇಳುತ್ತದೆ. ಯೋಗಿನಿಯರನ್ನು ಕಳಿಸಿದೆ, ಸೂರ್ಯನನ್ನು ಕಳಿಸಿದೆ, ಬ್ರಹ್ಮನನ್ನು, ಗಣಗಳನ್ನು, ಈ ಢುಂಢಿಯನ್ನು ಕಳಿಸಿದೆ. ಹೋದವರು ಹೋದಲ್ಲೇ ಉಳಿದರು. ಯಾರ ತಪ್ಪೂ ಇಲ್ಲದೆಯೂ ಅಗಲಬೇಕಾಗುತ್ತದೆ ಎಂಬುದನ್ನು ನಿನಗೆ ನಾನು ವಿವರಿಸಬೇಕಾಗಿಲ್ಲ.

ಅಮ್ಮ ಈಗ ಕತ್ತೆತ್ತಿ ನೋಡುತ್ತಿದ್ದಾಳೆ. ಬಹಳ ಹಿಂದೆ ಅಪ್ಪನ ಜೊತೆ ಬಂದಾಗ ಇಲ್ಲೆಲ್ಲ ಮನೆಗೆ ಮನೆ ಅಂಟಿಕೊಂಡು ಹಗಲಲ್ಲೂ ಕತ್ತಲಿತ್ತಂತೆ. ಒಂದು ಜಗಲಿಯಲ್ಲಿ ತೂಗುಹಾಕಿದ್ದ ಪಂಜರದ ಗಿಳಿ ಅಪ್ಪನನ್ನು ರಾಮ ರಾಮ ಎಂದು ಕರೆದಿತ್ತಂತೆ. ಈಗ ಗಲ್ಲಿಯಾಚೆ ಕಲ್ಲು ಹಾಸಿದ ದೊಡ್ಡ ಅಂಗಳ, ಗಂಗೆಯವರೆಗೂ ಬಯಲು. 2019ರ ಮಾರ್ಚ್ 8ರಂದು ಶಂಕುಸ್ಥಾಪನೆಯಾಗಿ 2021ರ ಡಿಸೆಂಬರ್ 13ರಂದು ಉದ್ಘಾಟನೆಯಾದ ಧಾಮ ಅದು. ಮೂರು ಸಾವಿರ ಚದರಡಿಯಷ್ಟಿದ್ದ ನಿನ್ನ ಪ್ರಾಂಗಣ ಸುಮಾರು ಐದು ಲಕ್ಷ ಚದರಡಿಯಾಯಿತು. ಸರ್ಕಾರವೇ ಕೊಟ್ಟ ಲೆಕ್ಕದ ಪ್ರಕಾರ ಅದಕ್ಕಾಗಿ ಕೊಂಡದ್ದು 300ಕ್ಕೂ ಹೆಚ್ಚು ಆಸ್ತಿ, ಬೇರೆಡೆ ನೆಲೆ ಕಲ್ಪಿಸಿದ್ದು ಸುಮಾರು 1,400 ಅಂಗಡಿಯವರು, ಬಾಡಿಗೆದಾರರು, ಮನೆಯವರಿಗೆ. ಲಾಹೋರಿ ಟೋಲಾ ಎಂಬ ಓಣಿ ಈಗ ನೆನಪು ಮಾತ್ರ. ವಿಶಾಲವಾಯಿತು, ವಯಸ್ಸಾದವರಿಗೆ ನಡೆಯಲು ಅನುಕೂಲವಾಯಿತು, ಅಮ್ಮನೇ ಹಾಗೆಂದಳು. ಆದರೆ ಸಾಮಾನು ಕಟ್ಟಿಕೊಂಡು ಹೊರಟ ಅಷ್ಟು ಮನೆಗಳಲ್ಲಿ ಗಿಳಿ, ಆಡು, ಬೆಕ್ಕು, ಮೊಲ ಸಾಕಿದವರೂ ಇದ್ದಿರಬೇಕು. ಹೊಸ ಬಾಡಿಗೆ ಮನೆಯ ಯಜಮಾನ ಪ್ರಾಣಿ ಬೇಡ ಎಂದಿರಬಹುದು. ಪರಿಹಾರದ ಯಾವ ಪಟ್ಟಿಯಲ್ಲೂ ಅವುಗಳ ಹೆಸರು ಬರುವುದಿಲ್ಲ. ಅವೆಲ್ಲ ಎಲ್ಲಿಗೆ ಹೋದವೋ ಆ ಲೆಕ್ಕ ನಿನ್ನ ಹತ್ತಿರ ಇದ್ದೇ ಇರುತ್ತದೆ. ಅವುಗಳಲ್ಲಿ ಬದುಕಿರುವವಕ್ಕೆ ಊಟ ನೆರಳು ಇರಲಿ, ಕಳಿಸಿಕೊಟ್ಟವರ ಎದೆಗೆ ತಂಪು ಸಿಗಲಿ.

ಈಗ ಅಮ್ಮನ ವಿಷಯ. ಈ ನಿವೇದನೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾದ ಬೇಡಿಕೆ ಇದು. ಮೊಲಗಳನ್ನು ಮೈಸೂರಿಗೆ ಮುಟ್ಟಿಸಿದ ಮೇಲೆ ಅಮ್ಮನನ್ನು ಮನೆಗೆ ಕರೆತಂದೆವು. ಬಾಲ್ಕನಿಯ ಬಾಗಿಲಲ್ಲಿ ನಿಂತು, ಕುರ್ಚಿಯ ಕಾಲಲ್ಲಿ ಬೆಲ್ಲ ಕಡಿದ ಗುರುತನ್ನು ಮುಟ್ಟಿ ನೋಡಿ ಅವಳಂದಳು: “ನಾನು ಬಂದೆ, ಅವು ಹೋದವು.” ಅಂದಿನಿಂದ ಕೆಮ್ಮು ಬಂದರೂ ಬಾಯಿಗೆ ಸೆರಗು ಒತ್ತಿಕೊಂಡು ಕೆಮ್ಮುತ್ತಾಳೆ, ನಮಗೆ ಕೇಳದ ಹಾಗೆ. ಉಸಿರು ಎಳೆಯುವುದಕ್ಕೂ ನಮ್ಮ ಅಪ್ಪಣೆ ಬೇಕೆನ್ನುವಂತೆ ಇರುತ್ತಾಳೆ. ವಿಶ್ವೇಶ್ವರಾ, ಅವಳು ಮೊಲಗಳನ್ನು ಓಡಿಸಲಿಲ್ಲ. ಅವಳಿಗೆ ಬಾಗಿಲು ತೆರೆದದ್ದು ನಾವು, ಮೊಲಗಳಿಗೆ ಬೇರೆ ಬಾಗಿಲು ಹುಡುಕಿದ್ದೂ ನಾವು. ಎರಡೂ ಪ್ರೀತಿಯಿಂದಲೇ ಮಾಡಿದ್ದು. ನಾನು ಹೇಳಿದರೆ ಅವಳು ತಲೆಯಾಡಿಸುತ್ತಾಳೆ, ನಂಬುವುದಿಲ್ಲ. ನೀನು ಹೇಳು. ನಿನ್ನ ಮಾತನ್ನು ಅವಳು ಮೀರುವುದಿಲ್ಲ. ಅವಳ ಕೆಮ್ಮು ಮನೆಯಲ್ಲಿ ಜೋರಾಗಿ ಕೇಳಲಿ.

ಮಗಳಿಗೂ ಒಂದು ಬೇಡುತ್ತೇನೆ. ಮೈಸೂರಿಗೆ ನೋಡಲು ಹೋದಾಗ ಬೆಲ್ಲ ಅವಳ ಕೈ ಮೂಸಿ, ತಿರುಗಿ, ಮೇಷ್ಟ್ರ ಕಾಲ ಬಳಿ ಹೋಗಿ ಕೂತ. ಅವಳು ಅಲ್ಲಿ ಅಳಲಿಲ್ಲ. ಬಸ್ಸಿನಲ್ಲಿ ಮದ್ದೂರು ದಾಟಿದ ಮೇಲೆ ಅತ್ತಳು. ಅವನಿಗೆ ಅಲ್ಲಿ ಭಯವಿಲ್ಲ ಎಂಬುದೇ ನಾವು ಬಯಸಿದ್ದು ಎಂದು ಅವಳಿಗೆ ನಿಧಾನವಾಗಿ ತಿಳಿಯಲಿ. ಪ್ರೀತಿಸಿದವರು ಮರೆತರೂ ಪ್ರೀತಿಸಿದ್ದು ಸುಳ್ಳಾಗುವುದಿಲ್ಲ ಎಂಬುದನ್ನು ಈ ವಯಸ್ಸಿನಲ್ಲೇ ಕಲಿಯಬೇಕಾಯಿತಲ್ಲ ಎಂದು ನನಗೆ ಸಂಕಟ. ಕಲಿತದ್ದು ಅವಳನ್ನು ಕಲ್ಲು ಮಾಡದಿರಲಿ. ಮುಂದೆ ಅವಳು ಮತ್ತೊಂದು ಜೀವವನ್ನು ಮನೆಗೆ ತರುವ ಧೈರ್ಯ ಮಾಡಲಿ.

ವರ್ಗವಾದವರು, ಕೆಲಸ ಹೋದವರು, ಮದುವೆ ಮುರಿದವರು, ಕಾಯಿಲೆ ಬಿದ್ದವರು, ಮನೆ ಖಾಲಿ ಮಾಡಿ ಎನ್ನಿಸಿಕೊಂಡವರು ಈ ಹೊತ್ತಿಗೂ ಎಲ್ಲೋ ಒಂದು ಬುಟ್ಟಿಯ ಮುಂದೆ ಕೂತಿರುತ್ತಾರೆ. ಅವರಿಗೆ ಅವಸರ ಕೊಡಬೇಡ. ಸಿಕ್ಕ ಮೊದಲ ಕೈಗೆ ಕೊಟ್ಟು ಮುಗಿಸುವ ಆಯಾಸ ಕೊಡಬೇಡ. ತೂಕ ಕೇಳುವವರನ್ನು ದೂರವಿಡು, ಹಲ್ಲು ಕೇಳುವವರನ್ನು ಕಳಿಸು.

ಸಾಲು ಕದಲಿತು, ಸ್ವಾಮಿ. ಕೊನೆಯದೊಂದು ಉಳಿದಿದೆ. ಮೇಷ್ಟ್ರಿಗೂ ಟೀಚರಮ್ಮನಿಗೂ ಅರವತ್ತೈದು ದಾಟಿದೆ, ಎಳ್ಳು ಬೆಲ್ಲರಿಗೆ ಇನ್ನೂ ನಾಲ್ಕೇ ವರ್ಷ. ನಮ್ಮ ಸ್ಥಿತಿ ಬದಲಾದ ಹಾಗೆ ಅವರದ್ದೂ ಬದಲಾಗಬಹುದು. ಅವತ್ತು ಬುಟ್ಟಿ ಇಳಿಸಿ ಹೊರಡುವಾಗ ಅವರಿಂದ ಒಂದು ಮಾತು ತೆಗೆದುಕೊಂಡಿದ್ದೇನೆ: ನಿಮ್ಮ ಕೈಲಿ ಆಗದ ದಿನ ಬಂದರೆ ಮೊದಲ ಫೋನ್ ನಮಗೆ ಮಾಡಿ. ಅವರು ಆಗಲಿ ಎಂದಿದ್ದಾರೆ. ಆ ಫೋನ್ ಬರದೆಯೇ ಹೋಗಲಿ, ಅವರು ಗಟ್ಟಿಯಾಗಿರಲಿ. ಬಂದರೆ ಮಾತ್ರ, ಬಾಗಿಲು ಹಾಕಿಕೊಳ್ಳಬಹುದಾದ ಒಂದು ತಂಪು ಕೋಣೆಯೋ, ಅವನ್ನು ಬಲ್ಲ ಮತ್ತೊಂದು ಮನೆಯೋ ನನ್ನ ಕೈಗೆಟುಕುವ ಹಾಗೆ ಇಟ್ಟಿರು. “ಕರ್ಕೊಂಡು ಬನ್ನಿ” ಎಂದು ನಾನು ತಡವರಿಸದೆ ಹೇಳುವಂತಿರಲಿ.